ಕೆಸರಿನಲ್ಲಿ ಗೆದ್ದು ದಾಖಲೆಯಲ್ಲಿ ಸೋತ ಕಾರು

ಮಳೆಗಾಲದಲ್ಲಿ ರಾರಾವಿ ಕಡೆಯ ಎರೆ ಹೊಲದ ದಾರಿಯಲ್ಲಿ ಬೈಕ್ ಓಡಿಸಿದವರಿಗೆ ಈ ಲೇಖನದ ಅರ್ಧ ಪಾಠ ಆಗಲೇ ಗೊತ್ತು. ಎರೆ ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಮಡ್‌ಗಾರ್ಡ್ ಒಳಗೆ ತುಂಬಿಕೊಳ್ಳುತ್ತದೆ. ಎಕ್ಸಲರೇಟರ್ ಜಾಸ್ತಿ ಕೊಟ್ಟಷ್ಟೂ ಗಾಡಿ ಇನ್ನೂ ಹೂತುಕೊಳ್ಳುತ್ತೆ. ಅಂದ್ರೆ, ಕೆಸರಿನಲ್ಲಿ ಎಂಜಿನ್ ಶಕ್ತಿ ಒಂದೇ ಇದ್ದರೆ ಸಾಲದು. 1909ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಕಾರ್ ರೇಸ್ ಇದನ್ನು ಇಡೀ ದೇಶಕ್ಕೆ ತೋರಿಸಿತು. ಉಳಿದರ್ಧ ಪಾಠ ರೇಸ್ ಮುಗಿದ ಮೇಲೆ ಬಂತು.

ರೇಸ್ ಹೇಗಿತ್ತು?

ಸಿಯಾಟಲ್ ನಗರದಲ್ಲಿ ಆ ವರ್ಷ ಅಲಾಸ್ಕಾ–ಯೂಕಾನ್–ಪೆಸಿಫಿಕ್ ವಸ್ತುಪ್ರದರ್ಶನ ಇತ್ತು. ಅದರ ಪ್ರಚಾರಕ್ಕೆ ನ್ಯೂಯಾರ್ಕ್‌ನಿಂದ ಸಿಯಾಟಲ್‌ವರೆಗೆ ಕಾರ್ ರೇಸ್ ಏರ್ಪಡಿಸಿದರು. ಬಹುಮಾನ ಕೊಟ್ಟವರು ರಾಬರ್ಟ್ ಗುಗೆನ್‌ಹೈಮ್. ದೂರ ಸುಮಾರು 4,100 ಮೈಲಿ, ಅಂದರೆ 6,600 ಕಿ.ಮೀ. ಜೂನ್ 1ರಂದು ಅಧ್ಯಕ್ಷ ಟ್ಯಾಫ್ಟ್ ವಾಷಿಂಗ್ಟನ್‌ನಲ್ಲಿ ಟೆಲಿಗ್ರಾಫ್ ಕೀಲಿ ಒತ್ತಿ ಪ್ರದರ್ಶನ ಉದ್ಘಾಟಿಸಿದರು. ಅದೇ ದಿನ ಕಾರುಗಳೂ ಹೊರಟವು.

ಫೋರ್ಡ್ ಕಂಪನಿಯ ಎರಡು ಮಾಡೆಲ್ ಟಿ, ಜೊತೆಗೆ ಶಾಮಟ್, ಆಕ್ಮೆ, ಇಟಾಲಾ. ಸ್ಟರ್ನ್ಸ್ ಎಂಬ ಇನ್ನೊಂದು ಕಾರು ತಡವಾಗಿ ಹೊರಟು ಬೇಗನೇ ಕೈಚೆಲ್ಲಿತು. ಸೇಂಟ್ ಲೂಯಿಸ್ ದಾಟಿದ ಮೇಲೆ ರಸ್ತೆ ಅನ್ನುವುದು ಹೆಸರಿಗಷ್ಟೇ. ಹೆಚ್ಚಿನ ಕಡೆ ಇದ್ದದ್ದು ಕುದುರೆಗಾಡಿಯ ಜಾಡು. ಇಟಾಲಾ ವಯೋಮಿಂಗ್‌ನ ಶೈಯೆನ್‌ನಲ್ಲಿ ನಿಂತಿತು. ಜೂನ್ 23ರಂದು ಫೋರ್ಡ್‌ನ 2ನೇ ನಂಬರ್ ಕಾರು ಮೊದಲು ಸಿಯಾಟಲ್ ಮುಟ್ಟಿತು. ಓಡಿಸಿದವರು ಬರ್ಟ್ ಸ್ಕಾಟ್ ಮತ್ತು ಸಿ. ಜೆ. ಸ್ಮಿತ್. ಸುಮಾರು 17 ಗಂಟೆ ತಡವಾಗಿ ಶಾಮಟ್ ಬಂತು.

ಹಗುರ ಕಾರಿಗೆ ಏನು ಲಾಭ?

ಮಾಡೆಲ್ ಟಿ ಎಂಜಿನ್ ಕೇವಲ 20 ಎಚ್‌ಪಿ. ಶಾಮಟ್‌ಗೆ ಇದರ ಎರಡು ಪಟ್ಟು ಶಕ್ತಿ ಇತ್ತು, ಆದ್ರೆ ತೂಕ ಎರಡು ಪಟ್ಟಿಗಿಂತಲೂ ಹೆಚ್ಚು. ಇಲ್ಲಿ ಎರಡು ಲೆಕ್ಕ ನೋಡಿ. ಮೊದಲನೆಯದು, ಶಕ್ತಿಯನ್ನು ತೂಕದಿಂದ ಭಾಗಿಸಿದರೆ ಸಣ್ಣ ಕಾರೇ ಮುಂದೆ. ಎರಡನೆಯದು, ನೆಲದ ಮೇಲಿನ ಒತ್ತಡ ಅಂದರೆ ತೂಕ ಭಾಗಿಸು ಚಕ್ರ ನೆಲಕ್ಕೆ ತಾಗುವ ವಿಸ್ತೀರ್ಣ. ಎರೆ ಮಣ್ಣಿನಂಥ ಜೇಡಿ ನೀರು ಹೀರಿ ಉಬ್ಬಿದಾಗ ಅದರ ಭಾರ ಹೊರುವ ಶಕ್ತಿ ಕುಸಿಯುತ್ತದೆ. ಒತ್ತಡ ಆ ಮಿತಿ ಮೀರಿದರೆ ಚಕ್ರ ಹೂಳುತ್ತದೆ. ಹೂತಷ್ಟೂ ಉರುಳಲು ಬೇಕಾದ ಬಲ ಏರುತ್ತದೆ. ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಟ್ರ್ಯಾಕ್ಟರಿಗೆ ಕೇಜ್ ವೀಲ್ ಹಾಕೋದೂ ಇದಕ್ಕೇ: ವಿಸ್ತೀರ್ಣ ಹೆಚ್ಚು, ಒತ್ತಡ ಕಡಿಮೆ, ಹಿಡಿತವೂ ಸಿಗುತ್ತೆ. ಫೋರ್ಡ್ ಅದೇ ಲೆಕ್ಕವನ್ನು ತೂಕದ ಕಡೆಯಿಂದ ಸರಿಮಾಡಿತ್ತು. ವನೇಡಿಯಂ ಉಕ್ಕು ಬಳಸಿದ್ದರಿಂದ ಭಾಗಗಳು ತೆಳುವಾದರೂ ಗಟ್ಟಿಯಾಗಿದ್ದವು.

ಐದು ತಿಂಗಳ ನಂತರ

ಹೊರಡುವ ಮುನ್ನ ಎಂಜಿನ್ ಮುಂತಾದ ಮುಖ್ಯ ಭಾಗಗಳಿಗೆ ಮುದ್ರೆ ಒತ್ತಿದ್ದರು. ದಾರಿಯಲ್ಲಿ ಅವನ್ನು ಬದಲಿಸುವಂತಿಲ್ಲ ಅಂತ ನಿಯಮ. ಫೋರ್ಡ್ ಎಂಜಿನ್ನನ್ನೇ ಬದಲಿಸಿತ್ತು ಎಂದು ಆಮೇಲೆ ತೀರ್ಮಾನವಾಗಿ, ಗೆಲುವನ್ನು ಶಾಮಟ್‌ಗೆ ಕೊಟ್ಟರು. ಆದರೆ ಅಷ್ಟರಲ್ಲಿ ಫೋರ್ಡ್ ಈ ಗೆಲುವನ್ನು ಜಾಹೀರಾತಿನಲ್ಲಿ ಸಾರಿ ಮುಗಿಸಿತ್ತು. ಶಾಮಟ್ ಕಂಪನಿಯ ಕಾರ್ಖಾನೆ 1908ರಲ್ಲೇ ಬೆಂಕಿಗೆ ಆಹುತಿಯಾಗಿತ್ತು. ಈ ರೇಸಿನ ಹೆಸರಿನಿಂದ ಮತ್ತೆ ಎದ್ದು ನಿಲ್ಲುವ ಆಸೆ ಅವರದ್ದು. ತಡವಾಗಿ ಬಂದ ನ್ಯಾಯ ಆ ಕಂಪನಿಯನ್ನು ಉಳಿಸಲಿಲ್ಲ. ಮಾಡೆಲ್ ಟಿ ಮಾತ್ರ 1927ರವರೆಗೆ ಸುಮಾರು 1.5 ಕೋಟಿ ತಯಾರಾಯಿತು.

ಹಾಗಾದರೆ ಈ ರೇಸ್ ಏನನ್ನು ಸಾಬೀತು ಮಾಡಿತು?

ಹಗುರವಾದ ಚಾಸಿಸ್ ಕೆಸರು ದಾಟುತ್ತದೆ ಅನ್ನುವುದಕ್ಕೆ ಸಾಕ್ಷಿ ಸಿಕ್ಕಿತು. ಎಂಜಿನ್ ಬದಲಾದರೂ ಅದು ಸುಳ್ಳಾಗದು. ಆದರೆ ಒಂದೇ ಎಂಜಿನ್ 6,600 ಕಿ.ಮೀ. ತಾಳುತ್ತದೆಯೇ ಅನ್ನೋ ಪ್ರಶ್ನೆಗೆ ಈ ಕಾರಿನಿಂದ ಉತ್ತರ ಸಿಗಲಿಲ್ಲ. ಮುದ್ರೆ ಒತ್ತಿದ್ದೇ ಆ ಉತ್ತರಕ್ಕಾಗಿ. ಮಾಡೆಲ್ ಟಿ ನಿಜಕ್ಕೂ ಒಳ್ಳೆಯ ಕಾರು, ಹಾಗಿದ್ದರೂ ಪರೀಕ್ಷೆ ಕೆಟ್ಟಿತು.

ಲ್ಯಾಬ್‌ನಲ್ಲಿ ಗ್ರಾಫ್ ನೇರ ಬರಲಿ ಅಂತ ಒಂದು ರೀಡಿಂಗ್ ತಿದ್ದುವಾಗಲೂ ಆಗೋದು ಇದೇ. ಉತ್ತರ ಪುಸ್ತಕದ್ದಕ್ಕೆ ಹೊಂದಬಹುದು. ಆದರೆ ನಮ್ಮ ಮೀಟರ್ ಸರಿಯಿದೆಯೋ ಇಲ್ಲವೋ, ಅದು ನಮಗೇ ಗೊತ್ತಾಗದೆ ಹೋಗುತ್ತದೆ.