ಕೀಲಿಕೈ ಗೊಂಚಲಿನ ಪಾಲನೆ



ನೆಲಮಂಗಲದ ತಾಲ್ಲೂಕು ಕಚೇರಿಯಿಂದ ಪಹಣಿಯನ್ನು ಪಡೆದು ಬರುವವರು ಸರ್ವೆ ನಂಬರನ್ನೂ ಖಾತೆದಾರರ ಹೆಸರನ್ನೂ ಓದಿಕೊಂಡ ಮೇಲೆ ನೋಡುವುದು ಅದರ ಸಹಿಯನ್ನು. ಅಕ್ಷರಗಳು ಎಷ್ಟೇ ಅಂದವಾಗಿದ್ದರೂ, ಕೊಟ್ಟವರು ಯಾರೆಂಬುದು ಸ್ಥಿರಪಡದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ. ಗ್ರಾಮಲೆಕ್ಕಿಗರು ಕೈಯಿಂದ ಬರೆದಿಡುತ್ತಿದ್ದ ಪಹಣಿಗಳನ್ನು ನಮ್ಮ ರಾಜ್ಯವು ‘ಭೂಮಿ’ ಎಂಬ ಯೋಜನೆಯ ಮೂಲಕ ಕಂಪ್ಯೂಟರಿಗೆ ಏರಿಸಿತು. 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಹೀಗೆ ಯಂತ್ರದೊಳಗೆ ಸೇರಿದಾಗ, ದಾಖಲೆಯನ್ನು ತಿದ್ದುವ ನೌಕರನು ತನ್ನ ಬೆರಳಚ್ಚನ್ನು ಒತ್ತಿಯೇ ಒಳಹೊಗಬೇಕೆಂಬ ಕಟ್ಟಳೆಯನ್ನೂ ಮಾಡಲಾಯಿತು. ‘ತಿದ್ದಿದವನು ನಾನಲ್ಲ’ ಎಂದು ನಾಳೆ ಯಾರೂ ಹೇಳಬಾರದೆಂಬುದೇ ಇದರ ಉದ್ದೇಶ.

ಹೊಲದ ಕಾಗದಕ್ಕೆ ಇಷ್ಟು ಎಚ್ಚರ ವಹಿಸುವ ನಾವು, ಮನೆಯ ಅಥವಾ ಶಾಲೆಯ ಕಂಪ್ಯೂಟರಿಗೆ ಹೊಸ ತಂತ್ರಾಂಶವನ್ನು ತರುವಾಗ ಅದನ್ನು ಕೊಟ್ಟವರು ಯಾರೆಂದು ಕೇಳುತ್ತೇವೆಯೇ? ಈ ಪಾಠವು ಆ ಪ್ರಶ್ನೆಯನ್ನು ಕುರಿತದ್ದು.

ಮೊದಲು ಸಹಿಯ ರೀತಿಯನ್ನು ತಿಳಿಯೋಣ. ತಂತ್ರಾಂಶವು ಪ್ಯಾಕೇಜು ಎಂಬ ಕಟ್ಟಾಗಿ ದೂರದ ಭಂಡಾರದಿಂದ ನಮ್ಮ ಯಂತ್ರಕ್ಕೆ ಬರುತ್ತದೆ. ಹಿಂದಿನವರು ಅಂಚೆಯ ಭಾಂಗಿಯ ಮೇಲೆ ಅರಗಿನ ಮುದ್ರೆಯೊತ್ತುತ್ತಿದ್ದರಷ್ಟೆ. ಆದರೆ ಅರಗಿನ ಗುರುತನ್ನು ನೋಡಿ ಜಾಣನಾದ ಅಕ್ಕಸಾಲಿಗನು ಅಂಥದೇ ಮುದ್ರೆಯನ್ನು ಮಾಡಬಲ್ಲನು. ಡಿಜಿಟಲ್ ಸಹಿಯಲ್ಲಿ ಈ ದೋಷವಿಲ್ಲ. ಇಲ್ಲಿ ಒಂದಕ್ಕೊಂದು ಜೊತೆಯಾದ ಎರಡು ಕೀಲಿಕೈಗಳಿರುತ್ತವೆ. ಗುಪ್ತವಾದುದು ಸಹಿ ಮಾಡುತ್ತದೆ. ಅದು ಒಡೆಯನ ಬಳಿಯಲ್ಲಿಯೇ ಇರತಕ್ಕದ್ದು. ಬಹಿರಂಗವಾದುದು ಸಹಿಯನ್ನು ಪರೀಕ್ಷಿಸುತ್ತದೆ. ಅದನ್ನು ಊರಿಗೆಲ್ಲ ಹಂಚಬಹುದು. ಬಹಿರಂಗದ್ದನ್ನು ನೋಡಿ ಗುಪ್ತವಾದುದನ್ನು ಕಂಡುಹಿಡಿಯುವುದು ಕಾರ್ಯತಃ ಅಸಾಧ್ಯ. ಈ ವಿಚಾರವನ್ನು 1976ರಲ್ಲಿ ಡಿಫೀ ಮತ್ತು ಹೆಲ್ಮನ್ ಎಂಬ ಪಂಡಿತರು ಲೋಕಕ್ಕೆ ಪ್ರಕಟಿಸಿದರು.

ಒಂದು ಉದಾಹರಣೆ. ಡೆಬಿಯನ್ ಎಂಬ ಉಚಿತ ವ್ಯವಸ್ಥೆಯ ಭಂಡಾರದಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಎರಡು ಕನ್ನಡ ಅಕ್ಷರಶೈಲಿಗಳು ದೊರೆಯುತ್ತವೆ. ನಮ್ಮ ಹುಡುಗಿಯೊಬ್ಬಳು ‘ಗುಬ್ಬಿ’ಯನ್ನು ಬೇಡಿದಳೆನ್ನಿ. ಯಂತ್ರವು ಮೊದಲು ಭಂಡಾರದ ಮುಖ್ಯ ಪಟ್ಟಿಯನ್ನು ತರಿಸಿ, ಅದರ ಸಹಿಯನ್ನು ತನ್ನಲ್ಲಿರುವ ಬಹಿರಂಗ ಕೀಲಿಕೈಯಿಂದ ಪರೀಕ್ಷಿಸುತ್ತದೆ. ಆ ಪಟ್ಟಿಯಲ್ಲಿ ಪ್ಯಾಕೇಜುಗಳ ವಿವರಪಟ್ಟಿಯ ಗುರುತುಸಂಖ್ಯೆಯೂ, ವಿವರಪಟ್ಟಿಯಲ್ಲಿ ‘ಗುಬ್ಬಿ’ಯ ಗುರುತುಸಂಖ್ಯೆಯೂ ಇರುತ್ತದೆ. 64 ಅಂಕಾಕ್ಷರಗಳ ಈ ಸಂಖ್ಯೆಯನ್ನು ಪ್ಯಾಕೇಜಿನಿಂದಲೇ ಲೆಕ್ಕ ಹಾಕಿ ತೆಗೆಯುವುದರಿಂದ, ದಾರಿಯಲ್ಲಿ ಒಂದೇ ಅಕ್ಷರ ಬದಲಾದರೂ ಲೆಕ್ಕ ತಾಳೆಯಾಗುವುದಿಲ್ಲ. ಯಂತ್ರವು ಕಟ್ಟನ್ನು ಬಿಚ್ಚದೆ ನಿರಾಕರಿಸುತ್ತದೆ.

ಹಾಗಾದರೆ ಎಲ್ಲವೂ ನಿಂತಿರುವುದು ಯಂತ್ರದಲ್ಲಿರುವ ಕೀಲಿಕೈಗಳ ಮೇಲೆ. ಅವನ್ನು ಅಲ್ಲಿಟ್ಟವರು ಯಾರು? ಸರಕಾರದ ವ್ಯವಹಾರದಲ್ಲಿ ಇದನ್ನು ಕಾನೂನು ನಿರ್ಣಯಿಸುತ್ತದೆ. 2000ದ ಅಕ್ಟೋಬರ್ 17ರಿಂದ ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಪ್ರಕಾರ ಕೇಂದ್ರ ಸರಕಾರದ ನಿಯಂತ್ರಣಾಧಿಕಾರಿಯೊಬ್ಬರಿದ್ದಾರೆ. ಅವರಿಂದ ಪರವಾನಗಿ ಪಡೆದ ಸಂಸ್ಥೆಗಳು ಮಾತ್ರ ಸಹಿಯ ಪ್ರಮಾಣಪತ್ರವನ್ನು ಕೊಡಬಹುದು. ಬೆಂಗಳೂರಿನ ಈಮುದ್ರಾ ಸಂಸ್ಥೆಯು ಅಂಥವುಗಳಲ್ಲೊಂದು. ಆದರೆ ನಮ್ಮ ಕೊಠಡಿಯ ಯಂತ್ರವು ಯಾವ ಭಂಡಾರವನ್ನು ನಂಬಬೇಕೆಂಬುದನ್ನು ಯಾವ ಅಧಿಕಾರಿಯೂ ಬಂದು ಹೇಳುವುದಿಲ್ಲ. ಯಂತ್ರವನ್ನು ನೋಡಿಕೊಳ್ಳುವವರೇ, ಅದನ್ನು ಬಳಸುವವರೆಲ್ಲರ ಪರವಾಗಿ ನಿರ್ಣಯಿಸುತ್ತಾರೆ.

ಈ ಹೊಣೆಯಲ್ಲಿ ನಾವೇ ತಪ್ಪಿದ್ದೆವೆಂಬುದನ್ನು ಇಲ್ಲಿ ಮರೆಮಾಡುವುದಿಲ್ಲ. ವಾರ್ಷಿಕೋತ್ಸವದ ಚಿತ್ರಗಳಿಗಾಗಿ ಒಂದು ತಂತ್ರಾಂಶವು ಬೇಕಾದಾಗ, ಅಪರಿಚಿತರೊಬ್ಬರು ಬರೆದಿಟ್ಟ ಎರಡು ಸಾಲಿನ ಆಜ್ಞೆಯನ್ನು ಅರ್ಥ ವಿಚಾರಿಸದೆ ಯಂತ್ರಕ್ಕೆ ಕೊಟ್ಟೆವು. ಕೆಲಸವೇನೋ ಆಯಿತು. ಅನಂತರವೂ ಅವಸರ ಬಂದಾಗಲೆಲ್ಲ ಹಾಗೆಯೇ ಮಾಡಿದೆವು. ಬಹುಕಾಲದ ಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೀಲಿಕೈಗಳ ಪಟ್ಟಿಯನ್ನು ತೆರೆದು, “ಟೀಚರ್, ಇವು ಯಾರವು?” ಎಂದು ಕೇಳಿದಳು. ಗೊಂಚಲಿನಲ್ಲಿ ಏಳು ಇದ್ದವು. ಎರಡರ ಒಡೆಯರನ್ನು ಮಾತ್ರ ನಾವು ಹೇಳಬಲ್ಲವರಾದೆವು. ಅದೇ ಯಂತ್ರದಲ್ಲಿ ಮಕ್ಕಳ ಅಂಕಪಟ್ಟಿಗಳೂ ಪೋಷಕರ ದೂರವಾಣಿ ಸಂಖ್ಯೆಗಳೂ ಇದ್ದವು. ಕೇಡು ಏನೂ ಕಂಡುಬರಲಿಲ್ಲ. ಆದರೆ ಕೇಡಾಗಿಲ್ಲವೆಂದು ಆಣೆಯಿಟ್ಟು ಹೇಳುವ ಆಧಾರವೂ ನಮ್ಮಲ್ಲಿರಲಿಲ್ಲ. ಆ ದಿನ ಕಲಿತ ನಿಯಮಗಳನ್ನು ಕೆಳಗೆ ಬರೆಯುತ್ತೇವೆ.

ಮೊದಲನೆಯದು: ಕೀಲಿಕೈಯನ್ನು ಎರಡು ದಾರಿಗಳಿಂದ ವಿಚಾರಿಸಬೇಕು. ಪ್ರತಿಯೊಂದು ಕೀಲಿಕೈಗೂ ಬೆರಳಚ್ಚಿನಂಥ ಒಂದು ಗುರುತು, ಸಾಮಾನ್ಯವಾಗಿ 40 ಅಂಕಾಕ್ಷರಗಳದ್ದು, ಇರುತ್ತದೆ. ತಂತ್ರಾಂಶವೂ ಗುರುತೂ ಒಂದೇ ಬಾಗಿಲಿನಿಂದ ಬಂದರೆ, ಆ ಬಾಗಿಲನ್ನು ಹಿಡಿದ ಕಳ್ಳನು ಎರಡನ್ನೂ ಬದಲಿಸಬಲ್ಲನು. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್ ಎಂಬ ವ್ಯವಸ್ಥೆಯ ಜಾಲತಾಣಕ್ಕೆ ನುಗ್ಗಿದವರು, ಅಲ್ಲಿಂದ ಪ್ರತಿಯನ್ನು ಇಳಿಸಿಕೊಳ್ಳುವವರನ್ನು ತಾವು ಕೆಡಿಸಿಟ್ಟ ಪ್ರತಿಯ ಕಡೆಗೆ ತಿರುಗಿಸಿದರು.

ಎರಡನೆಯದು: ಒಂದು ಕೀಲಿಕೈಗೆ ಒಂದೇ ಬಾಗಿಲು. ಸಾಮಾನ್ಯ ಗೊಂಚಲಿಗೆ ಸೇರಿಸಿದ ಕೀಲಿಕೈಯು ಯಾವ ಭಂಡಾರಕ್ಕಾದರೂ ಸಾಕ್ಷಿ ಹೇಳಬಲ್ಲದು. ಹಾಲು ತರುವವನಿಗೆ ಉಗ್ರಾಣದ ಬೀಗದ ಕೈಯನ್ನೂ ಕೊಟ್ಟ ಹಾಗೆ. ಆದಕಾರಣ ‘ಸೈನ್ಡ್-ಬೈ’ ಎಂಬ ಸಾಲಿನಿಂದ ಇಂಥ ಭಂಡಾರಕ್ಕೆ ಇಂಥದೇ ಕೀಲಿಕೈ ಎಂದು ಕಟ್ಟುಮಾಡಬೇಕು. ಆದರೂ ಹೊರಗಿನ ಭಂಡಾರವು ಮೂಲ ವ್ಯವಸ್ಥೆಯ ಪ್ಯಾಕೇಜಿನ ಹೆಸರಿನಲ್ಲಿಯೇ ಹೆಚ್ಚಿನ ಆವೃತ್ತಿಸಂಖ್ಯೆಯ ಕಟ್ಟನ್ನು ನೀಡಲು ಸಾಧ್ಯವಿರುವುದರಿಂದ, ಬೇಡವಾದ ಭಂಡಾರವನ್ನು ಕೀಲಿಕೈಯ ಸಮೇತ ತೆಗೆದುಹಾಕುವುದೇ ಲೇಸು.

ಮೂರನೆಯದು: ಕೀಲಿಕೈಗೆ ಅವಧಿಯಿರಲಿ. ಡೆಬಿಯನ್ನಿನವರು 2023ರಲ್ಲಿ ಮಾಡಿದ ಭಂಡಾರದ ಕೀಲಿಕೈಗೆ 2031ರವರೆಗೆ ಅವಧಿಯನ್ನಿಟ್ಟರು. ಹೊಸ ಕೀಲಿಕೈಯು ಹಳೆಯದರ ಸಹಿಯ ರಕ್ಷಣೆಯಲ್ಲಿಯೇ ಯಂತ್ರಗಳಿಗೆ ಬಂದು ಸೇರುತ್ತದೆ. ಹೋಗುವ ಲೆಕ್ಕಿಗನು ಬರುವ ಲೆಕ್ಕಿಗನಿಗೆ ಕಡತಗಳನ್ನು ಒಪ್ಪಿಸಿ ಹೋಗುವಂತೆ ಇದು. ಆದುದರಿಂದ ವರ್ಷಾನುಗಟ್ಟಲೆ ಯಂತ್ರವನ್ನು ನವೀಕರಿಸದೆ ಇಟ್ಟವರಿಗೆ ಈ ಕೊಂಡಿಯು ಕಳಚಿ, ಹೊಸ ಕೀಲಿಕೈಯನ್ನು ಮತ್ತೆ ಮೊದಲಿನಿಂದ ವಿಚಾರಿಸಬೇಕಾಗುತ್ತದೆ.

ನಾಲ್ಕನೆಯದು: ಸಂದೇಹ ಬಂದಾಗ ನಾಚಿಕೆಪಡದೆ ಬದಲಿಸಬೇಕು. 2008ರ ಆಗಸ್ಟಿನಲ್ಲಿ ರೆಡ್ ಹ್ಯಾಟ್ ಸಂಸ್ಥೆಯ ಯಂತ್ರಗಳಿಗೆ ನುಗ್ಗಿದವರು ಕೆಲವು ಪ್ಯಾಕೇಜುಗಳಿಗೆ ಸಂಸ್ಥೆಯದೇ ಸಹಿಯನ್ನು ಹಾಕಿಸಿಕೊಂಡರು. ಅದರ ಸೋದರ ಯೋಜನೆಯಾದ ಫೆಡೋರಾದ ಯಂತ್ರಗಳಿಗೂ ಅನ್ಯರು ಹೊಕ್ಕಿದ್ದರು. ಫೆಡೋರಾದವರು ತಮ್ಮ ಗುಪ್ತ ಕೀಲಿಕೈಯು ಕಳುವಾಯಿತೆಂಬುದಕ್ಕೆ ಸಾಕ್ಷ್ಯವಿಲ್ಲದಿದ್ದರೂ ಅದನ್ನು ಬಿಟ್ಟು ಹೊಸದನ್ನು ಮಾಡಿದರು. ಕಳೆದುಹೋದ ಬೀಗದ ಕೈ ಸಿಕ್ಕಿದರೂ ಬೀಗವನ್ನೇ ಬದಲಿಸುವ ಗೃಹಿಣಿಯ ಜಾಣತನವಿದು.

ಕೊನೆಗೆ ಒಂದು ಮಿತಿಯನ್ನೂ ಹೇಳಬೇಕು. ಸಹಿಯು ಕೊಟ್ಟವರು ಯಾರೆಂಬುದನ್ನು ಹೇಳುತ್ತದೆಯೇ ಹೊರತು ಕೊಟ್ಟದ್ದು ಒಳ್ಳೆಯದೆಂದು ಹೇಳುವುದಿಲ್ಲ. 2024ರ ಮಾರ್ಚಿಯಲ್ಲಿ ಎಕ್ಸ್‌ಜ಼ೆಡ್ ಎಂಬ ತಂತ್ರಾಂಶದಲ್ಲಿ ಗುಪ್ತದ್ವಾರವೊಂದು ಸಿಕ್ಕಿತು. ಅದನ್ನು ಇಟ್ಟವನು ಹೊರಗಿನ ಕಳ್ಳನಲ್ಲ. ಬಹುಕಾಲ ದುಡಿದು ನಂಬಿಕೆ ಗಳಿಸಿ ಪಾಲಕನಾಗಿದ್ದವನು. ಸಹಿಯು ನಿಜವಾಗಿತ್ತು, ಸಾಮಾನು ಕೆಟ್ಟಿತ್ತು. ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು. ಯಂತ್ರಕ್ಕೆ ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದೇಕೆಂದು ಅವರು ಕೇಳಿದ್ದರಿಂದಲೇ ಅದು ಹೊರಬಿತ್ತು. ಸಹಿಯನ್ನು ಪರೀಕ್ಷಿಸಿದ ಮೇಲೆಯೂ ಕಣ್ಣನ್ನು ತೆರೆದಿಟ್ಟಿರಬೇಕು.

ಈಗ ನಮ್ಮ ಕೊಠಡಿಯ ಗೋಡೆಯ ಮೇಲೆ ಒಂದು ಹಾಳೆಯಿದೆ. ಅದರಲ್ಲಿ ಪ್ರತಿಯೊಂದು ಕೀಲಿಕೈ, ಅದರ ಒಡೆಯರು, ಅದು ಯಾವ ಭಂಡಾರಕ್ಕೆ, ಅವಧಿ ಎಂದಿಗೆ ತೀರುವುದು, ವಿಚಾರಿಸಿ ಸೇರಿಸಿದವರು ಯಾರು ಎಂಬ ಐದು ಅಂಕಣಗಳಿವೆ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಮಕ್ಕಳೇ ಅದನ್ನು ಓದಿ ತಾಳೆ ನೋಡುತ್ತಾರೆ. ಉತ್ತರ ಸಿಗದ ಸಾಲನ್ನು ಹೊಡೆದುಹಾಕುತ್ತಾರೆ. ಏಳಿದ್ದ ಕೀಲಿಕೈಗಳು ಈಗ ಮೂರಾಗಿವೆ. ನಮ್ಮಲ್ಲಿ ಓದಿ ಹೋಗಿ ಇಂದು ಕಚೇರಿ, ಶಾಲೆ, ಆಸ್ಪತ್ರೆಗಳಲ್ಲಿ ಯಂತ್ರಗಳ ಮೇಲ್ವಿಚಾರಣೆ ಮಾಡುತ್ತಿರುವ ಸೋದರಿಯರು ತಮ್ಮ ಗೊಂಚಲನ್ನೂ ಒಮ್ಮೆ ಬಿಚ್ಚಿ, ಒಂದೊಂದನ್ನೂ ಹಿಡಿದು “ಇದು ಯಾರದು?” ಎಂದು ಕೇಳಬೇಕೆಂಬುದೇ ನಮ್ಮ ಕೋರಿಕೆ. ಆ ಪ್ರಶ್ನೆಯನ್ನು ನಮಗೆ ಕಲಿಸಿದವಳು ನಮ್ಮ ವಿದ್ಯಾರ್ಥಿನಿಯೇ ಎಂಬುದನ್ನು ಸಂತೋಷದಿಂದ ಒಪ್ಪಿಕೊಂಡು ಈ ಪಾಠವನ್ನು ಮುಗಿಸುತ್ತೇವೆ.