ಗಂಟೆ, ಚಕ್ರ, ಬಂಡೆ: ಶಾಲಾದಿನದೊಳಗೆ ಬುದ್ಧನ ನೆನಹು

ಬುದ್ಧನನ್ನು ಕುರಿತ ಪಾಠಕ್ಕೆ ಶಾಲೆಯಲ್ಲಿ ದೊರೆಯುವುದು ಎರಡೋ ಮೂರೋ ಅವಧಿ. ಬುದ್ಧಪೂರ್ಣಿಮೆಯು ಸಾಮಾನ್ಯವಾಗಿ ಬೇಸಗೆಯ ರಜೆಯಲ್ಲಿ ಬರುವುದರಿಂದ ಆಚರಣೆಯ ನೆಪವೂ ಇಲ್ಲ. ಆದವಾನಿ, ರಾಯದುರ್ಗ, ಮಡಕಶಿರ ಸೀಮೆಯ ಎಷ್ಟೋ ಕನ್ನಡ ಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ಒಟ್ಟಿಗೆ ನಡೆಸಬೇಕು, ಮೊಬೈಲಿನಲ್ಲಿ ಹಾಜರಾತಿ ತುಂಬಬೇಕು, ಮಧ್ಯಾಹ್ನದೂಟದ ಲೆಕ್ಕವಿಡಬೇಕು, ತೆಲುಗಿನಲ್ಲಿ ಬಂದ ಸುತ್ತೋಲೆಗೆ ಸಂಜೆಯೊಳಗೆ ಉತ್ತರ ಕಳಿಸಬೇಕು. ಅಂಥವರ ಮೇಲೆ ಇನ್ನೊಂದು ಚಟುವಟಿಕೆಯನ್ನು ಹೇರುವುದು ನ್ಯಾಯವಲ್ಲ. ಅದರ ಅಗತ್ಯವೂ ಇಲ್ಲ. ಬುದ್ಧನನ್ನು ನೆನಪಿಸುವ ವಸ್ತುಗಳೂ ಮಾತುಗಳೂ ಶಾಲಾದಿನದಲ್ಲಿ ಈಗಾಗಲೇ ಇವೆ. ಅವುಗಳ ಗುರುತು ಹಿಡಿಯುವುದಷ್ಟೇ ಉಳಿದಿರುವ ಕೆಲಸ.

ನೆನಹು ಎಂಬುದು ಬೌದ್ಧರಿಗೆ ಕಿರಿದಾದ ಸಂಗತಿಯಲ್ಲ. ಅವರ ಸಾಧನೆಯ ಪದಗಳಲ್ಲಿ ‘ಸತಿ’ ಮುಖ್ಯವಾದುದು. ಇದು ಸಂಸ್ಕೃತದ ‘ಸ್ಮೃತಿ’ಯ ಪಾಲಿ ರೂಪ, ಹೆಂಡತಿ ಎಂಬರ್ಥದ ‘ಸತಿ’ಗೂ ಇದಕ್ಕೂ ಸಂಬಂಧವಿಲ್ಲವೆಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಬೇಕು. ಕಳೆದುದರ ನೆನಪಿಗಿಂತಲೂ ಈಗ ಮಾಡುತ್ತಿರುವುದರ ಮೇಲಿನ ಎಚ್ಚರವೇ ಈ ಪದದ ತಿರುಳು. ಸತಿಪಟ್ಠಾನ ಸುತ್ತವು ನಡೆಯುವಾಗ, ಕುಳಿತಾಗ, ಉಣ್ಣುವಾಗ, ಮಾತಾಡುವಾಗ, ಸುಮ್ಮನಿರುವಾಗಲೂ ಈ ಎಚ್ಚರವನ್ನು ಬಯಸುತ್ತದೆ. ಅಂದಮೇಲೆ ಕೆಲಸವನ್ನು ಬದಿಗಿಟ್ಟು ಹುಡುಕಬೇಕಾದುದು ಇದಲ್ಲ.

ಮೊದಲ ಕುರುಹು ಶಿಕ್ಷಕರ ವೃತ್ತಿಯ ಮಾತಿನಲ್ಲಿಯೇ ಇದೆ. ‘ಬುಧ್’ ಎಂಬ ಧಾತುವಿಗೆ ಎಚ್ಚರಗೊಳ್ಳು, ಅರಿ ಎಂಬ ಅರ್ಥಗಳಿವೆ. ಬುದ್ಧನೆಂದರೆ ಎಚ್ಚತ್ತವನು. ಬುದ್ಧಿ, ಬೋಧಿ, ಪ್ರಬುದ್ಧ ಎಂಬ ಪದಗಳೂ ಅದೇ ಬೇರಿನವು. ಪಾಠಯೋಜನೆಯಲ್ಲಿ ದಿನವೂ ಬರೆಯುವ ‘ಬೋಧನೆ’ಯೂ ಅಲ್ಲಿಂದಲೇ ಬಂದುದು, ಎಚ್ಚರಿಸುವುದು, ಅರಿಯುವಂತೆ ಮಾಡುವುದು ಎಂಬುದೇ ಅದರ ಮೂಲಾರ್ಥ. ವಾರವೊಂದರಲ್ಲಿ ಈ ಪದವನ್ನು ಎಷ್ಟು ಸಲ ಬರೆಯುತ್ತೇವೆಂದು ಲೆಕ್ಕ ಹಾಕಿದವರು ವಿರಳ. ಇಲ್ಲಿಯೇ ಒಂದು ಕಾಗುಣಿತದ ಪಾಠವೂ ಸಿಗುತ್ತದೆ. ಮಕ್ಕಳು ‘ಬುದ್ಧವಾರ’ ಎಂದು ಬರೆಯುವುದುಂಟು. ಬುಧ ಗ್ರಹದ ಹೆಸರು, ಬುದ್ಧ ಗೌತಮನ ಬಿರುದು. ಧಾತು ಒಂದೇ ಆದರೂ ವ್ಯಕ್ತಿಗಳು ಬೇರೆ. ಒತ್ತಕ್ಷರವೊಂದು ಅರ್ಥವನ್ನು ಹೇಗೆ ಬದಲಿಸುತ್ತದೆಂಬುದಕ್ಕೆ ಇದಕ್ಕಿಂತ ಸುಲಭವಾದ ಉದಾಹರಣೆ ಬೇಡ.

ಎರಡನೆಯದು ಧ್ವಜ. 1947ರ ಜುಲೈ 22ರಂದು ಸಂವಿಧಾನ ಸಭೆ ಅಂಗೀಕರಿಸಿದ ಧ್ವಜದ 24 ಅರೆಗಳ ಚಕ್ರವು ಸಾರನಾಥದ ಅಶೋಕಸ್ತಂಭದ ಬೋದಿಗೆಯಿಂದ ಬಂದುದು. ಬುದ್ಧನು ಮೊದಲ ಉಪದೇಶವನ್ನು ಮಾಡಿ ಧರ್ಮಚಕ್ರವನ್ನು ಪ್ರವರ್ತಿಸಿದ ಸ್ಥಳವೇ ಸಾರನಾಥ. ಅದೇ ಬೋದಿಗೆಯ ಸಿಂಹಗಳು ನಾಣ್ಯದ ಮೇಲೂ ಇವೆ. ಇನ್ನೂರು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಸಾಂಚಿಯ ಸ್ತೂಪವಿದೆ. ಆದರೆ ಕಂಡ ಚಕ್ರವನ್ನೆಲ್ಲ ಬೌದ್ಧವೆನ್ನುವ ಅವಸರ ಸಲ್ಲದು. ಈಗಿನ ಹತ್ತು ರೂಪಾಯಿಯ ನೋಟಿನ ಚಕ್ರ ಕೋಣಾರ್ಕದ ಸೂರ್ಯದೇಗುಲದ್ದು. ಸಿಂಹಗಳ ಕೆಳಗಿನ ‘ಸತ್ಯಮೇವ ಜಯತೇ’ ಮುಂಡಕೋಪನಿಷತ್ತಿನದು.

ಮೂರನೆಯದು ಗಂಟೆ. ವಿಯೆಟ್ನಾಮಿನ ಭಿಕ್ಷು ತಿಕ್ ನಾಟ್ ಹಾನ್ ಗಂಟೆಯ ನಾದ ಕೇಳಿದೊಡನೆ ಕೈಯಲ್ಲಿನ ಕೆಲಸವನ್ನು ನಿಲ್ಲಿಸಿ ಮೂರು ಸಲ ಎಚ್ಚರದಿಂದ ಉಸಿರಾಡುವುದನ್ನು ಕಲಿಸಿದರು. ದೂರವಾಣಿ ರಿಂಗಣಿಸಿದರೂ ಹಾಗೆಯೇ ಮಾಡಬಹುದೆಂದರು. ಶಾಲೆಯ ಗಂಟೆ ದಿನಕ್ಕೆ ಹಲವು ಸಲ ಬಾರಿಸುತ್ತದೆ. ಪ್ರತಿ ಸಲವೂ ಶಿಕ್ಷಕರ ಅವಸರವನ್ನು ಹೆಚ್ಚಿಸುತ್ತದೆ. ಒಂದು ತರಗತಿಯ ಗದ್ದಲಕ್ಕೆ ಸಿಟ್ಟಾದ ಶಿಕ್ಷಕಿ ಆ ಸಿಟ್ಟನ್ನು ಹೊತ್ತುಕೊಂಡೇ ಮುಂದಿನ ತರಗತಿಯ ಹೊಸಿಲು ದಾಟಿದರೆ, ಅಲ್ಲಿ ಏನೂ ತಪ್ಪು ಮಾಡದ ಮಗುವೊಂದು ಗದರಿಕೆ ತಿನ್ನುತ್ತದೆ. ಹೊಸಿಲ ಈಚೆ ಮೂರು ಉಸಿರು ನಿಂತರೆ ಆ ಮಗುವಿಗಾಗುವ ಉಪಕಾರ ಸಣ್ಣದಲ್ಲ. ಇದನ್ನು ಮಕ್ಕಳಿಂದ ಮಾಡಿಸಬೇಕೆಂದಿಲ್ಲ. ಶಿಕ್ಷಕರು ತಾವು ಮಾಡಿಕೊಂಡರೆ ಸಾಕು.

ಇಲ್ಲಿ ಒಂದು ಎಲ್ಲೆಯನ್ನು ಗುರುತಿಸಿಕೊಳ್ಳಬೇಕು. ಸರ್ಕಾರದ ಹಣದಿಂದಲೇ ಪೂರ್ಣವಾಗಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ ಸಂವಿಧಾನದ 28ನೆಯ ವಿಧಿ ಎಡೆಗೊಡುವುದಿಲ್ಲ. ಧರ್ಮವೊಂದರ ಇತಿಹಾಸವನ್ನು ಕಲಿಸುವುದು ಬೇರೆ, ಅದನ್ನು ಆಚರಿಸುವಂತೆ ಮಾಡುವುದು ಬೇರೆ. ಇನ್ನೊಂದು ಮಾತು: 1956ರ ಅಕ್ಟೋಬರ್ 14ರಂದು ಡಾ. ಅಂಬೇಡ್ಕರರು ನಾಗಪುರದಲ್ಲಿ ಬೌದ್ಧಧರ್ಮವನ್ನು ಸ್ವೀಕರಿಸಿದ ಮೇಲೆ ಅದೇ ದಾರಿ ಹಿಡಿದ ಕುಟುಂಬಗಳ ಮಕ್ಕಳು ತರಗತಿಯಲ್ಲಿರಬಹುದು. ಅವರಿಗೆ ಬುದ್ಧನು ಹಳೆಯ ಕಾಲದ ಅರಸುಮಗನಲ್ಲ, ಮನೆಯ ಗೋಡೆಯ ಮೇಲಿನ ಚಿತ್ರ. ‘ಬೌದ್ಧಧರ್ಮವು ಭಾರತದಲ್ಲಿ ಅಳಿಯಿತು’ ಎಂಬ ವಾಕ್ಯವನ್ನು ಯೋಚಿಸದೆ ಹೇಳಿದರೆ ಅಂಥ ಮಗುವನ್ನು ಅದರ ಎದುರಿನಲ್ಲಿಯೇ ಇಲ್ಲವಾಗಿಸಿದಂತೆ.

ಉಳಿದುದು ಬಂಡೆ. ಈ ಸೀಮೆಯ ಶಿಕ್ಷಕರ ಭಾಗ್ಯವೆಂದರೆ ಅಶೋಕನ ಶಾಸನಗಳು ಇವರ ಸುತ್ತಲೇ ಇವೆ: ಗುತ್ತಿಯ ಬಳಿ ಎರ್ರಗುಡಿ, ಪತ್ತಿಕೊಂಡದ ಬಳಿ ರಾಜುಲ ಮಂದಗಿರಿ; ರಾಯದುರ್ಗದಿಂದ ಗಡಿ ದಾಟಿದರೆ ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ತಾಯಿತಂದೆಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನಾಡಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಇಲ್ಲಿನ ಕಿರುಶಾಸನಗಳ ಒಂದು ಭಾಗದ ಸಾರಾಂಶ. ಕಳಿಂಗಯುದ್ಧದಲ್ಲಿ ಒಂದು ಲಕ್ಷ ಜನ ಸತ್ತುದಕ್ಕೆ ಅರಸನು ಪಟ್ಟ ಪಶ್ಚಾತ್ತಾಪವೂ ಎರ್ರಗುಡಿಯ ಬಂಡೆಯ ಮೇಲಿದೆ. ಗೆದ್ದವನೇ ತನ್ನ ಗೆಲುವಿಗೆ ಮರುಗಿ ಕಲ್ಲಿನಲ್ಲಿ ಬರೆಯಿಸಿದ್ದು ಲೋಕದಲ್ಲಿ ಅಪರೂಪ.

ಆದರೆ ತರಗತಿಗೆ ಒಯ್ಯಬೇಕಾದುದು ಅರಸನಿಗಿಂತ ಮೊದಲು ಅವನ ನೌಕರನನ್ನು. ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಅದನ್ನು ಬರೆದವನ ಹೆಸರಿದೆ: ಚಪಡ. ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ತನ್ನ ಹೆಸರನ್ನೂ ಬ್ರಾಹ್ಮಿಯಲ್ಲಿಯೇ ಬರೆದ ಚಪಡನು ‘ಲಿಪಿಕಾರ’ ಎಂಬ ವೃತ್ತಿಸೂಚಕ ಪದವೊಂದನ್ನು ಮಾತ್ರ ಖರೋಷ್ಠಿಯಲ್ಲಿ ಬರೆದನು. ಖರೋಷ್ಠಿಯು ಬಲದಿಂದ ಎಡಕ್ಕೆ ಸಾಗುವ ಲಿಪಿ; ಗಾಂಧಾರದ ಕಡೆ, ಉಪಖಂಡದ ವಾಯವ್ಯ ಅಂಚಿನಲ್ಲಿ ಬಳಕೆಯಲ್ಲಿದ್ದುದು. ಅವನು ಆ ಕಡೆಯವನೇ ಇರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ಕ್ರಿ.ಪೂ. 3ನೆಯ ಶತಮಾನದಲ್ಲಿ ಅಷ್ಟು ದೂರದಿಂದ ಬಂದು, ಸುತ್ತಮುತ್ತ ಯಾರಿಗೂ ಓದಲು ಬಾರದಿದ್ದಿರಬಹುದಾದ ಅಕ್ಷರಗಳಲ್ಲಿ ಅವನು ಆ ಒಂದು ಪದವನ್ನು ಏಕೆ ಬರೆದನು? ಹಂಬಲದಿಂದಲೋ, ಹೆಮ್ಮೆಯಿಂದಲೋ? ಕಲ್ಲು ಹೇಳುವುದಿಲ್ಲ. ಶಿಕ್ಷಕರೂ ಉತ್ತರವನ್ನು ಹೇಳಿಕೊಡಬಾರದು.

ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ಲಂಬಾಣಿಯನ್ನೋ ಆಡಿ ಶಾಲೆಯಲ್ಲಿ ಕನ್ನಡ ಬರೆಯುವ ಮಕ್ಕಳಿಗೆ, ಮನೆಗನ್ನಡವನ್ನು ಬಿಟ್ಟು ಬೀದಿಯ ಫಲಕಗಳಲ್ಲೆಲ್ಲ ತೆಲುಗನ್ನೇ ಓದುವ ಮಕ್ಕಳಿಗೆ, ಈ ಪ್ರಶ್ನೆ ಅಪರಿಚಿತವಲ್ಲ. ಅವಧಿಯ ಕೊನೆಯ ಹತ್ತು ನಿಮಿಷ ಸಾಕು. ತಾನು ಆ ದಿನ ಮಾಡಿದ ಒಂದು ಕೆಲಸವನ್ನು ಕುರಿತು ಪ್ರತಿ ಮಗುವೂ ಒಂದು ವಾಕ್ಯವನ್ನು ಕನ್ನಡದಲ್ಲಿ ಬರೆಯಲಿ. ಕೊನೆಯ ಪದವನ್ನು ಮಾತ್ರ ತನಗೆ ಹತ್ತಿರವೆನಿಸುವ ಯಾವುದೇ ಲಿಪಿಯಲ್ಲಿ ಬರೆಯಲಿ. ಏಕೆಂದು ಕೇಳಬಹುದು; ಹೇಳಲು ಮನಸ್ಸಿಲ್ಲದ ಮಗುವನ್ನು ಒತ್ತಾಯಿಸುವುದು ಬೇಡ. ಈ ಬರಹಗಳಿಗೆ ಅಂಕವಿಲ್ಲ, ಕೆಂಪು ಶಾಯಿಯ ತಿದ್ದುಪಡಿಯೂ ಇಲ್ಲ.