ಪಂಚಾಂಗಕ್ಕೆ ಟೇಬಲ್, ಮದುವೆ ಕಾಗದಕ್ಕೆ ಸ್ಟೈಲ್‌ಶೀಟ್

ವೆಬ್‌ಪುಟ ಕಟ್ಟಲು ಹೊರಟವರಿಗೆ ಹಂತ ಹಂತವಾಗಿ ಮೊದಲ ಪಾಠ

ಗೋಡೆಗೆ ನೇತುಹಾಕಿದ ಪಂಚಾಂಗವನ್ನೂ ಮೇಜಿನ ಮೇಲಿರುವ ಮದುವೆ ಕಾಗದವನ್ನೂ ಒಟ್ಟಿಗೆ ಇಟ್ಟು ನೋಡಿ. ಎರಡರಲ್ಲೂ ಮಾತುಗಳು ಎಡಕ್ಕೊಂದು ಬಲಕ್ಕೊಂದು ಜೋಡಿಸಿಕೊಂಡು ಕೂತಿವೆ. ಪಂಚಾಂಗದಲ್ಲಿ ಒಂದು ದಿನದ ಸಾಲು ಹಿಡಿದು ಅಡ್ಡಕ್ಕೆ ಹೋದರೆ ಅಂದಿನ ತಿಥಿ, ನಕ್ಷತ್ರ ಸಿಗುತ್ತವೆ. ‘ನಕ್ಷತ್ರ’ ಎಂಬ ತಲೆಬರಹ ಹಿಡಿದು ಕೆಳಗಿಳಿದರೆ ಇಡೀ ತಿಂಗಳ ನಕ್ಷತ್ರಗಳು ಸಿಗುತ್ತವೆ. ಮದುವೆ ಕಾಗದದಲ್ಲಿ ಒಂದು ಬದಿಗೆ ವರನ ತಂದೆತಾಯಿ, ಇನ್ನೊಂದು ಬದಿಗೆ ವಧುವಿನ ತಂದೆತಾಯಿ. ಅವರನ್ನು ಅಕ್ಕಪಕ್ಕ ಬಿಟ್ಟು ಒಬ್ಬರ ಕೆಳಗೆ ಒಬ್ಬರನ್ನು ಬರೆದರೂ ಮದುವೆ ನಿಲ್ಲುವುದಿಲ್ಲ. ಪಂಚಾಂಗದಲ್ಲಿ ಜಾಗ ತಪ್ಪಿದರೆ ಅರ್ಥ ಕೆಡುತ್ತದೆ, ಮದುವೆ ಕಾಗದದಲ್ಲಿ ಚಂದ ಮಾತ್ರ ಕೆಡುತ್ತದೆ.

ವೆಬ್‌ಪುಟದಲ್ಲೂ ಹಾಗೆಯೇ. ಜಾಗದಲ್ಲೇ ಅರ್ಥ ಅಡಗಿದ್ದರೆ ಟೇಬಲ್ ಹಾಕಿ. ಜಾಗ ಬರೀ ಚಂದಕ್ಕಾದರೆ ಆ ಕೆಲಸವನ್ನು ಸ್ಟೈಲ್‌ಶೀಟಿಗೆ ಬಿಡಿ.

ಗೊಂದಲ ಹುಟ್ಟಿದ್ದು ಹೇಗೆ?

ಪುಟದ ಅಂದಚಂದಕ್ಕೆ ಪ್ರತ್ಯೇಕ ಹಾಳೆ ಇರಲಿ ಎಂದು ಹೋಕನ್ ವಿಯಂ ಲೀ ಪ್ರಸ್ತಾಪ ಮುಂದಿಟ್ಟದ್ದು 1994ರಲ್ಲಿ. ಆ ಹಾಳೆ ಬರೆಯುವ ಭಾಷೆಯಾದ ಸಿಎಸ್‌ಎಸ್‌ನ ಮೊದಲ ಆವೃತ್ತಿ ಅಧಿಕೃತವಾದದ್ದು 1996ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ, 1995ರಲ್ಲೇ, ನೆಟ್‌ಸ್ಕೇಪ್ ಬ್ರೌಸರ್ ಟೇಬಲ್ಲುಗಳನ್ನು ತೋರಿಸತೊಡಗಿತ್ತು. ಪುಟವನ್ನು ಎರಡು ಮೂರು ಭಾಗ ಮಾಡಬೇಕೆಂದಿದ್ದ ವಿನ್ಯಾಸಕಾರರಿಗೆ ಕೈಗೆ ಸಿಕ್ಕಿದ್ದು ಅದೊಂದೇ. ಟೇಬಲ್ಲಿನೊಳಗೆ ಟೇಬಲ್, ಅದರೊಳಗೆ ಮತ್ತೊಂದು. ನಡುವೆ ಜಾಗ ಬಿಡಲು ಕಣ್ಣಿಗೆ ಕಾಣದ, ಒಂದೇ ಪಿಕ್ಸೆಲ್ಲಿನ ಚಿತ್ರ. ಆಗ ಅದು ಜಾಣತನವೇ. ಈಗ ಆ ಕಷ್ಟವಿಲ್ಲ. 2017ರಲ್ಲಿ, ಪುಟವನ್ನು ಭಾಗ ಮಾಡಲೆಂದೇ ಇರುವ ಸಿಎಸ್‌ಎಸ್ ಗ್ರಿಡ್ ಮುಖ್ಯ ಬ್ರೌಸರುಗಳಿಗೆಲ್ಲ ಬಂತು. ಆದರೂ ಹಳೆಯ ಪುಟಗಳನ್ನು ನೋಡಿ ಕಲಿತವರ ಕೈ ತಾನಾಗಿ ಟೇಬಲ್ಲಿನ ಕಡೆಗೇ ಹೋಗುತ್ತದೆ. ನನ್ನ ಕೈಯೂ ಎಷ್ಟೋ ದಿನ ಹಾಗೆಯೇ ಹೋಗುತ್ತಿತ್ತು.

ಬೇಕಾಗುವ ಸಾಮಾನು

ಒಂದು ಕಂಪ್ಯೂಟರ್, ನೋಟ್‌ಪ್ಯಾಡಿನಂಥ ಸರಳ ಎಡಿಟರ್, ಒಂದು ಬ್ರೌಸರ್, ಒಂದು ಹಾಳೆ, ಪೆನ್ಸಿಲ್. ಪುಟದ ತುಂಡುಗಳನ್ನು ಗುರುತಿಸುವ ಟ್ಯಾಗುಗಳ ಹೆಸರನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಫೈಲಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಅಭ್ಯಾಸಕ್ಕೆ ಒಂದು ಮನೆ ವ್ಯಾಪಾರದ ಪುಟ ಮಾಡೋಣ: ಹಪ್ಪಳ, ಸಂಡಿಗೆ, ಉಪ್ಪಿನಕಾಯಿ. ಮೇಲೆ ಅಂಗಡಿಯ ಹೆಸರು, ಎಡಕ್ಕೆ ಕೊಂಡಿಗಳ ಪಟ್ಟಿ, ನಡುವೆ ದರಪಟ್ಟಿ, ಕೆಳಗೆ ವಿಳಾಸ.

ಹಂತ 1: ಫೋನಿನಲ್ಲಿ ಓದಿ ಹೇಳಿ

ಮೊದಲು ಪುಟವನ್ನು ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಿ. ಆಮೇಲೆ ಅದರ ಒಂದೊಂದು ತುಂಡನ್ನೂ ಊರಿನಲ್ಲಿರುವ ಅತ್ತೆಗೆ ಫೋನಿನಲ್ಲಿ ಓದಿ ಹೇಳುತ್ತಿದ್ದೀರಿ ಅಂದುಕೊಳ್ಳಿ.

ದರಪಟ್ಟಿಯಲ್ಲಿ ‘250’ ಎಂದಷ್ಟೇ ಓದಿದರೆ ಅತ್ತೆ ಕೇಳುತ್ತಾರೆ: “ಯಾವುದಕ್ಕೆ? ಎಷ್ಟಕ್ಕೆ?” ನೀವು “ಹಲಸಿನ ಹಪ್ಪಳ, ಅರ್ಧ ಕೆ.ಜಿ.ಗೆ” ಎನ್ನಬೇಕು. ಅಂದರೆ ಆ ಅಂಕಿಗೆ ಪಕ್ಕದ ಹೆಸರೂ ಬೇಕು, ಮೇಲಿನ ತಲೆಬರಹವೂ ಬೇಕು. ಎರಡೂ ಬೇಕಾದರೆ ಅದು ಟೇಬಲ್.

ಕೊಂಡಿಗಳ ಪಟ್ಟಿಯಲ್ಲಿ ‘ನಮ್ಮ ಬಗ್ಗೆ’ ಎಂದು ಓದಿದರೆ ಅತ್ತೆ ಏನೂ ಕೇಳುವುದಿಲ್ಲ. ಅದು ಟೇಬಲ್ ಅಲ್ಲ, ಪಟ್ಟಿ.

ಇದೇ ಪರೀಕ್ಷೆಯಲ್ಲಿ ಉಳಿದವೂ ತಾವಾಗಿ ಬೇರೆಯಾಗುತ್ತವೆ:

- ವಾರದ ಯಾವ ದಿನ ಎಷ್ಟಕ್ಕೆ ಬಾಗಿಲು ತೆರೆಯುತ್ತದೆ, ಎಷ್ಟಕ್ಕೆ ಮುಚ್ಚುತ್ತದೆ: ಟೇಬಲ್.
- ಬಸ್ ವೇಳಾಪಟ್ಟಿ, ಅಂಕಪಟ್ಟಿ, ಪಂದ್ಯಾವಳಿಯ ಅಂಕಗಳು: ಟೇಬಲ್.
- ಚೌಕ ಚೌಕವಾಗಿ ಜೋಡಿಸಿದ ಫೋಟೊಗಳು: ಟೇಬಲ್ಲಿನಂತೆ ಕಂಡರೂ ಅವಕ್ಕೆ ತಲೆಬರಹವಿಲ್ಲ. ಸ್ಟೈಲ್‌ಶೀಟ್.
- ಹೆಸರು, ಫೋನ್ ತುಂಬುವ ಅರ್ಜಿ: ಸ್ಟೈಲ್‌ಶೀಟ್.
- ಪುಟದ ಎಡ, ನಡು, ಬಲ ಭಾಗಗಳು: ಯಾವಾಗಲೂ ಸ್ಟೈಲ್‌ಶೀಟ್.

ಹಂತ 2: ಮೊದಲು ಎಲುಬುಗೂಡು

ಬಣ್ಣ, ಅಗಲ ಇತ್ಯಾದಿ ಸದ್ಯಕ್ಕೆ ಮರೆತುಬಿಡಿ. ಪುಟದ ವಿಷಯವಿರುವ ಎಚ್‌ಟಿಎಂಎಲ್ ಫೈಲಿನ ತಲೆಯಲ್ಲಿ ಮೂರು ಸಂಗತಿ ಇರಲಿ. ಅಕ್ಷರಸಂಕೇತ ಯುಟಿಎಫ್-8, ಇದು ತಪ್ಪಿದರೆ ಕನ್ನಡದ ಬದಲು ಚಿತ್ರವಿಚಿತ್ರ ಗುರುತುಗಳು ಬರುತ್ತವೆ. ಭಾಷೆ ಕನ್ನಡ ಎನ್ನಲು ಎಚ್‌ಟಿಎಂಎಲ್ ಟ್ಯಾಗಿನ ‘ಲ್ಯಾಂಗ್’ಗೆ ‘ಕೆ-ಎನ್’ ಎಂಬ ಎರಡಕ್ಷರ. ಪುಟವನ್ನು ಗಟ್ಟಿಯಾಗಿ ಓದುವ ತಂತ್ರಾಂಶ ಕನ್ನಡದ ದನಿ ಆರಿಸಿಕೊಳ್ಳುವುದು ಇದನ್ನು ನೋಡಿಯೇ. ಮೂರನೆಯದು ವ್ಯೂಪೋರ್ಟ್ ಸಾಲು. ಅದಿಲ್ಲದಿದ್ದರೆ ಫೋನು ಇಡೀ ಪುಟವನ್ನು ಕುಗ್ಗಿಸಿ ತೋರಿಸುತ್ತದೆ.

ಒಡಲಿನಲ್ಲಿ ಹೆಡರ್, ನ್ಯಾವ್, ಮೇನ್, ಫೂಟರ್ ಎಂಬ ನಾಲ್ಕು ಟ್ಯಾಗುಗಳನ್ನು ಒಂದರ ಕೆಳಗೊಂದು ಬರೆದು ಒಳಗೆ ವಿಷಯ ತುಂಬಿ. ಬ್ರೌಸರಿನಲ್ಲಿ ತೆರೆದರೆ ಪುಟ ಬೋಳುಬೋಳಾಗಿ ಕಾಣುತ್ತದೆ, ಕಾಣಲಿ. ಮೇಲಿಂದ ಕೆಳಕ್ಕೆ ಓದಿದಾಗ ಮಾತು ಸರಿಯಾದ ಕ್ರಮದಲ್ಲಿ ಬರುತ್ತಿದೆಯೇ? ಹಾಗಿದ್ದರೆ ಅರ್ಧ ಕೆಲಸ ಮುಗಿಯಿತು.

ಹಂತ 3: ದರಪಟ್ಟಿಗೆ ನಿಜವಾದ ಟೇಬಲ್

ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಒಂದೇ ಅಡ್ಡಸಾಲು, ಎರಡು ಮನೆ. ಎಡ ಮನೆಯಲ್ಲಿ ತಿಂಡಿಗಳ ಹೆಸರನ್ನೆಲ್ಲ ಸಾಲು ಮುರಿದು ಬರೆಯುತ್ತಾರೆ: ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಅರಳು ಸಂಡಿಗೆ. ಬಲ ಮನೆಯಲ್ಲಿ ಬೆಲೆಗಳು: 130, 180, 90. ಕಂಪ್ಯೂಟರಿನ ಪರದೆಯಲ್ಲಿ ಎಲ್ಲ ಎದುರುಬದುರು ಸರಿಯಾಗಿ ಕೂರುತ್ತವೆ.

ಅದೇ ಪುಟವನ್ನು ಫೋನಿನಲ್ಲಿ ತೆರೆಯಿರಿ. ‘ಅಪ್ಪೆಮಿಡಿ ಉಪ್ಪಿನಕಾಯಿ’ ಒಂದು ಸಾಲಿನಲ್ಲಿ ಹಿಡಿಸದೆ ಎರಡಾಗುತ್ತದೆ. ಈಗ ಎರಡನೇ ಸಾಲು ‘ಅಪ್ಪೆಮಿಡಿ’, ಮೂರನೆಯದು ‘ಉಪ್ಪಿನಕಾಯಿ’, ನಾಲ್ಕನೆಯದು ‘ಅರಳು ಸಂಡಿಗೆ’. ಬಲಗಡೆ ಮಾತ್ರ ಮೂರೇ ಸಾಲು. 180 ರೂಪಾಯಿಯ ಉಪ್ಪಿನಕಾಯಿ 90ಕ್ಕೆ ಇಳಿಯಿತು, ಸಂಡಿಗೆಗೆ ಬೆಲೆಯೇ ಇಲ್ಲ! ಕಣ್ಣು ಕಾಣದವರ ಓದುಗ ತಂತ್ರಾಂಶವಂತೂ ಮೂರು ಹೆಸರನ್ನು ಒಟ್ಟಿಗೆ ಹೇಳಿ, ಆಮೇಲೆ ಮೂರು ಬೆಲೆಯನ್ನು ಒಟ್ಟಿಗೆ ಹೇಳುತ್ತದೆ. ಯಾವುದು ಯಾವುದಕ್ಕೆ ಎಂದು ಕೇಳಿದವರೇ ಲೆಕ್ಕ ಹಾಕಿಕೊಳ್ಳಬೇಕು.

ಸರಿಯಾದ ದಾರಿ ಇದು:

1. ಟೇಬಲ್ ಟ್ಯಾಗ್ ತೆರೆದ ಕೂಡಲೇ ಕ್ಯಾಪ್ಷನ್ ಟ್ಯಾಗಿನಲ್ಲಿ ಶೀರ್ಷಿಕೆ ಕೊಡಿ: ‘ತಿಂಡಿಗಳ ದರ, ರೂಪಾಯಿಗಳಲ್ಲಿ’.
2. ಟಿ-ಹೆಡ್ ಒಳಗೆ ಒಂದು ಟಿ-ಆರ್, ಅಂದರೆ ಅಡ್ಡಸಾಲು. ಅದರಲ್ಲಿ ‘ತಿಂಡಿ’, ‘250 ಗ್ರಾಂ’, ‘500 ಗ್ರಾಂ’ ಎಂಬ ತಲೆಬರಹಗಳು ಟಿ-ಎಚ್ ಟ್ಯಾಗಿನಲ್ಲಿ. ಪ್ರತಿಯೊಂದಕ್ಕೂ ‘ಸ್ಕೋಪ್’ ಬರೆದು ‘ಕೋಲ್’ ಎನ್ನಿ: ಈ ತಲೆಬರಹ ಕೆಳಗಿನ ಕಂಬಸಾಲಿಗೆ ಸೇರಿದ್ದು ಎಂದರ್ಥ.
3. ಟಿ-ಬಾಡಿ ಒಳಗೆ ಒಂದೊಂದು ತಿಂಡಿಗೂ ಒಂದೊಂದು ಟಿ-ಆರ್. ತಿಂಡಿಯ ಹೆಸರೂ ತಲೆಬರಹವೇ, ಆದ್ದರಿಂದ ಅದಕ್ಕೂ ಟಿ-ಎಚ್. ಸ್ಕೋಪ್ ಮಾತ್ರ ‘ರೋ’.
4. ಬೆಲೆಗಳು ಮಾತ್ರ ಟಿ-ಡಿ ಟ್ಯಾಗಿನಲ್ಲಿ.

ಈಗ ಹೆಸರು ಎಷ್ಟು ಸಾಲಾಗಿ ಮುರಿದರೂ ಅದರ ಬೆಲೆ ಅದರ ಜೊತೆಗೇ ಇಳಿಯುತ್ತದೆ. ಓದುಗ ತಂತ್ರಾಂಶವೂ ಬೆಲೆಯ ಮನೆಗೆ ಬಂದಾಗ ಅದು ಯಾವ ತಿಂಡಿ, ಎಷ್ಟು ಗ್ರಾಂ ಎಂದು ಸೇರಿಸಿ ಹೇಳಬಲ್ಲದು. ಅತ್ತೆ ಕೇಳಿದ ಎರಡು ಪ್ರಶ್ನೆಗೂ ಪುಟವೇ ಉತ್ತರ ಕೊಟ್ಟಂತಾಯಿತು.

ಹಂತ 4: ಸ್ಟೈಲ್‌ಶೀಟ್ ಜೋಡಿಸಿ

ಅದೇ ಫೋಲ್ಡರಿನಲ್ಲಿ ಇನ್ನೊಂದು ಫೈಲು ಮಾಡಿ, ಕೊನೆಗೆ ಸಿಎಸ್‌ಎಸ್ ಎಂಬ ವಿಸ್ತರಣೆ ಕೊಡಿ. ಎಚ್‌ಟಿಎಂಎಲ್ ಫೈಲಿನ ತಲೆಯಲ್ಲಿ ಲಿಂಕ್ ಟ್ಯಾಗಿನಿಂದ ಅದನ್ನು ಸೇರಿಸಿ. ಟೇಬಲ್ಲಿನ ಗೆರೆ, ಬಣ್ಣಗಳೂ ಇಲ್ಲೇ ಇರಬೇಕು. ಟೇಬಲ್ ಟ್ಯಾಗಿನೊಳಗೇ ಬಾರ್ಡರ್, ಬಿಜಿ-ಕಲರ್, ಸೆಲ್-ಪ್ಯಾಡಿಂಗ್ ಎಂದು ಬರೆಯುವ ಕಾಲ ಹೋಯಿತು.

ಟೇಬಲ್ಲಿಗೆ ಇಷ್ಟು ಸಾಕು. ಜೋಡಿಗೆರೆ ಒಂದಾಗಲು ‘ಬಾರ್ಡರ್-ಕೊಲ್ಯಾಪ್ಸ್’ಗೆ ‘ಕೊಲ್ಯಾಪ್ಸ್’. ಮನೆಯೊಳಗೆ ಉಸಿರಾಡಲು ಸ್ವಲ್ಪ ಪ್ಯಾಡಿಂಗ್. ಬಿಡಿ, ಹತ್ತು, ನೂರು ಒಂದರ ಕೆಳಗೊಂದು ಬರುವಂತೆ ಅಂಕಿಗಳು ಬಲಕ್ಕೆ. ಲೆಕ್ಕದ ಪುಸ್ತಕದಲ್ಲಿ ಬರೆಯುವುದೂ ಹಾಗೆಯೇ ಅಲ್ಲವೇ?

ಕನ್ನಡದವರಿಗೆ ಇನ್ನೊಂದು ಕಿವಿಮಾತು. ಸಾಲಿನ ಎತ್ತರವನ್ನು ಪಿಕ್ಸೆಲ್ಲಿನಲ್ಲಿ ಕಟ್ಟಿಹಾಕಬೇಡಿ. ನಮ್ಮ ಒತ್ತಕ್ಷರಗಳು ಕೆಳಕ್ಕೆ ಇಳಿಯುತ್ತವೆ. ‘ಅಪ್ಪೆಮಿಡಿ’ಯ ಪ ಒತ್ತು ಕೆಳಗಿನ ಗೆರೆಗೆ ತಾಗುತ್ತದೆ, ಇಲ್ಲವೇ ಅರ್ಧ ಕತ್ತರಿಸಿಹೋಗುತ್ತದೆ. ‘ಲೈನ್-ಹೈಟ್’ 1.6ರ ಆಸುಪಾಸು ಇಟ್ಟು ಎತ್ತರವನ್ನು ಬ್ರೌಸರಿಗೇ ಬಿಡಿ.

ಹಂತ 5: ಭಾಗಗಳನ್ನು ಅಕ್ಕಪಕ್ಕ ಕೂರಿಸಿ

ಫೋನಿನಲ್ಲಿ ಎಲ್ಲ ಒಂದರ ಕೆಳಗೊಂದು ಇದ್ದರೇ ಚೆನ್ನ, ಅದಕ್ಕೆ ನೀವು ಏನೂ ಮಾಡಬೇಕಿಲ್ಲ. ದೊಡ್ಡ ಪರದೆಗೆ ಮಾತ್ರ ಕೆಲಸ. ಸ್ಟೈಲ್‌ಶೀಟಿನಲ್ಲಿ ಒಂದು ಮೀಡಿಯಾ ಕ್ವೆರಿ ಬರೆಯಿರಿ: ಪರದೆ 700 ಪಿಕ್ಸೆಲ್ಲಿಗಿಂತ ಅಗಲವಾಗಿದ್ದರೆ ಮಾತ್ರ ಒಳಗಿನ ನಿಯಮ ನಡೆಯಲಿ ಎಂಬ ಷರತ್ತು. ಅದರೊಳಗೆ ಬಾಡಿ ಟ್ಯಾಗಿಗೆ ‘ಡಿಸ್‌ಪ್ಲೇ: ಗ್ರಿಡ್’ ಕೊಟ್ಟು, ಕಂಬಸಾಲುಗಳನ್ನು ‘1 ಎಫ್‌-ಆರ್ 3 ಎಫ್‌-ಆರ್’ ಎಂದು ಹಂಚಿ. ಎಫ್‌-ಆರ್ ಎಂದರೆ ಪಾಲು: ಕೊಂಡಿಗಳಿಗೆ ಒಂದು ಪಾಲು, ದರಪಟ್ಟಿಗೆ ಮೂರು ಪಾಲು. ಹೆಡರ್, ಫೂಟರ್ ಎರಡೂ ಅಡ್ಡಕ್ಕೆ ಪೂರ್ತಿ ಹರಡಲು ಅವುಗಳ ‘ಗ್ರಿಡ್-ಕಾಲಂ’ಗೆ ‘1 / -1’ ಎನ್ನಿ. ನಡುವಿನ ತೆರಪಿಗೆ ‘ಗ್ಯಾಪ್’ ಇದೆ. ಹಿಂದೆ ಕಾಣದ ಚಿತ್ರವಿಟ್ಟು ಮಾಡುತ್ತಿದ್ದ ಕೆಲಸ ಈಗ ಒಂದು ಸಾಲಿನದು.

ಅಡ್ಡಕ್ಕೆ ಒಂದೇ ಸಾಲಿನಲ್ಲಿ ನಾಲ್ಕೈದು ಕೊಂಡಿ ಜೋಡಿಸುವುದಿದ್ದರೆ ಗ್ರಿಡ್ ಬೇಕಿಲ್ಲ, ಫ್ಲೆಕ್ಸ್ ಸಾಕು.

ಹಂತ 6: ಅಗಲದ ಟೇಬಲ್ಲನ್ನು ಫೋನಿಗೆ ಒಗ್ಗಿಸಿ

ಕಂಬಸಾಲುಗಳು ಐದಾರಾದರೆ ಫೋನಿನಲ್ಲಿ ಟೇಬಲ್ ಹೊರಚಾಚುತ್ತದೆ. ಟೇಬಲ್ಲನ್ನು ಡಿವ್ ಎಂಬ ಟ್ಯಾಗಿನ ಒಳಗಿಟ್ಟು ಆ ಡಿವ್‌ಗೆ ‘ಓವರ್‌ಫ್ಲೋ-ಎಕ್ಸ್: ಆಟೊ’ ಕೊಡಿ. ಆಗ ಟೇಬಲ್ ಮಾತ್ರ ಅಡ್ಡಕ್ಕೆ ಸರಿಯುತ್ತದೆ, ಪುಟ ಅಲುಗಾಡುವುದಿಲ್ಲ. ಇದಕ್ಕಾಗಿ ಟೇಬಲ್ಲಿನ ‘ಡಿಸ್‌ಪ್ಲೇ’ಯನ್ನೇ ‘ಬ್ಲಾಕ್’ ಎಂದು ಬದಲಿಸುವವರಿದ್ದಾರೆ. ಹಾಗೆ ಮಾಡಬೇಡಿ. ಕೆಲವು ಬ್ರೌಸರುಗಳಲ್ಲಿ ಓದುಗ ತಂತ್ರಾಂಶಕ್ಕೆ ಅದು ಟೇಬಲ್ ಎಂಬುದೇ ತಿಳಿಯದೆ ಹೋಗುತ್ತದೆ.

ಹಂತ 7: ಮೂರು ಪರೀಕ್ಷೆ

ಒಂದು: ಫೈರ್‌ಫಾಕ್ಸಿನ ವ್ಯೂ ಮೆನುವಿನಲ್ಲಿ ಪೇಜ್ ಸ್ಟೈಲ್, ಅದರಲ್ಲಿ ನೋ ಸ್ಟೈಲ್ ಒತ್ತಿ. ಅಲಂಕಾರವೆಲ್ಲ ಕಳಚಿದ ಮೇಲೂ ಪುಟ ಅರ್ಥವಾಗಬೇಕು.

ಎರಡು: ಬ್ರೌಸರ್ ಕಿಟಕಿಯನ್ನು ಎಳೆದು ಕಿರಿದು ಮಾಡಿ. ಯಾವ ಬೆಲೆಯೂ ತನ್ನ ತಿಂಡಿಯನ್ನು ಬಿಟ್ಟು ಹೋಗಬಾರದು.

ಮೂರು: ವಿಂಡೋಸಿನಲ್ಲಿ ಎನ್‌ವಿಡಿಎ ಎಂಬ ಉಚಿತ ಓದುಗ ತಂತ್ರಾಂಶ ಹಾಕಿಕೊಳ್ಳಿ. ಟಿ ಕೀಲಿ ಒತ್ತಿದರೆ ಟೇಬಲ್ಲಿಗೆ ಹಾರುತ್ತದೆ. ಕಂಟ್ರೋಲ್, ಆಲ್ಟ್ ಹಿಡಿದು ಬಾಣದ ಕೀಲಿ ಒತ್ತಿದರೆ ಮನೆಯಿಂದ ಮನೆಗೆ ಹೋಗುತ್ತದೆ. ಕಣ್ಣು ಮುಚ್ಚಿ ಕೇಳಿ. ಇದನ್ನು ಬರೀ ದಾಕ್ಷಿಣ್ಯದ ಮಾತು ಎಂದುಕೊಳ್ಳಬೇಡಿ. ಅಂಗವಿಕಲರ ಹಕ್ಕುಗಳ ಕುರಿತ 2016ರ ಕಾಯ್ದೆ ಮಾಹಿತಿಯೂ ಎಲ್ಲರ ಕೈಗೆ ಎಟುಕಬೇಕೆನ್ನುತ್ತದೆ.

ಎರಡು ವಿನಾಯಿತಿ

ಇಮೇಲ್ ಸುದ್ದಿಪತ್ರದಲ್ಲಿ ಇಂದಿಗೂ ವಿನ್ಯಾಸಕ್ಕೆ ಟೇಬಲ್ ಬಳಸುತ್ತಾರೆ. ವಿಂಡೋಸಿನ ಔಟ್‌ಲುಕ್ 2007ರ ಆವೃತ್ತಿಯಿಂದ ಪತ್ರಗಳನ್ನು ತೋರಿಸಲು ವರ್ಡ್ ತಂತ್ರಾಂಶದ ಯಂತ್ರವನ್ನೇ ನೆಚ್ಚಿಕೊಂಡಿತು, ಅದಕ್ಕೆ ಸಿಎಸ್‌ಎಸ್‌ನ ಎಷ್ಟೋ ಮಾತು ಅರ್ಥವಾಗುವುದಿಲ್ಲ. ಅಲ್ಲಿ ಟೇಬಲ್ ಹಾಕಲೇಬೇಕಾದರೆ ಅದರ ‘ರೋಲ್’ಗೆ ‘ಪ್ರೆಸೆಂಟೇಶನ್’ ಎಂದು ಬರೆಯಿರಿ. ಇದು ಬರೀ ಅಲಂಕಾರ ಎಂದು ಓದುಗ ತಂತ್ರಾಂಶಕ್ಕೆ ಹೇಳಿದಂತೆ.

ಟೇಬಲ್ಲಿನಿಂದಲೇ ಕಟ್ಟಿದ ಹಳೆಯ ಜಾಲತಾಣ ನಿಮ್ಮ ಪಾಲಿಗೆ ಬಂದರೂ ಮೊದಲು ಇದನ್ನೇ ಮಾಡಿ. ಒಂದೇ ದಿನ ಎಲ್ಲ ಕೆಡವಲು ಹೋಗದೆ, ಹೆಚ್ಚು ಜನ ನೋಡುವ ಪುಟದಿಂದ ಶುರುಮಾಡಿ ಒಂದೊಂದಾಗಿ ಬದಲಿಸುತ್ತ ಬನ್ನಿ.

ಕೊನೆಗೆ

ಮುಂದಿನ ವರ್ಷ ಹಲಸಿನ ಹಪ್ಪಳದ ಬೆಲೆ ಏರಿದಾಗ ನೀವು ತೆರೆಯುವುದು ಎಚ್‌ಟಿಎಂಎಲ್ ಫೈಲು. ಬಣ್ಣ, ಅಗಲಗಳ ಗೊಡವೆ ಇಲ್ಲದೆ ಒಂದು ಅಂಕಿ ತಿದ್ದಿ ಮುಚ್ಚುತ್ತೀರಿ. ದೀಪಾವಳಿಗೆ ಪುಟದ ಬಣ್ಣ ಬದಲಿಸಬೇಕೆನಿಸಿದರೆ ತೆರೆಯುವುದು ಸ್ಟೈಲ್‌ಶೀಟ್. ಪುಟಗಳು ಇಪ್ಪತ್ತಿದ್ದರೂ ತಿದ್ದುವುದು ಒಂದೇ ಸಾಲು. ಬೆಲೆ ತಿದ್ದಲು ಹೋಗಿ ಬಣ್ಣದ ನಡುವೆ ಸಿಕ್ಕಿಕೊಂಡಿರೋ, ಮತ್ತೆ ಒಂದನೇ ಹಂತಕ್ಕೆ ಬಂದು ಅತ್ತೆಗೆ ಫೋನ್ ಮಾಡಿ.